ಅರ್ಧ ಮಾತ್ರೆ

ಗೋಥೆನ್‌ಬರ್ಗಿನ ನವೆಂಬರ್. ಬೆಳಗಿನ ಏಳು, ಇನ್ನೂ ಕತ್ತಲೆ.
ಬ್ರೆಡ್ಡು ಕೊಯ್ಯುವ ಚಾಕುವಿನಿಂದ ಅಬ್ರಹೆತ್
ಮಾತ್ರೆಯೊಂದನ್ನು ಎರಡು ಮಾಡುತ್ತಾಳೆ.
ಅದು ಎಂದೂ ಸರಿಯಾಗಿ ಎರಡಾಗುವುದಿಲ್ಲ;
ಒಂದು ಹೋಳು ದಪ್ಪ, ಇನ್ನೊಂದು ಪುಡಿಪುಡಿ.
ದಪ್ಪದ್ದು ಕೊಲೆ ಮೊಕದ್ದಮೆಗೆ,
ಪುಡಿಯದು ಬಾಡಿಗೆ ತಕರಾರಿಗೆ.
ವೈದ್ಯರು ಹೇಳಿದ್ದಲ್ಲ, ಅವಳದೇ ಲೆಕ್ಕ.

ಅವಳ ಕೆಲಸ 'ನಾನು' ಎನ್ನುವುದು.
ಕಟಕಟೆಯಲ್ಲಿ ನಿಂತವನು ತಿಗ್ರಿನ್ಯದಲ್ಲಿ ನಾನು ಎಂದರೆ
ಇವಳು ಸ್ವೀಡಿಷ್‌ನಲ್ಲಿ ನಾನು.
ನಾನು ಬಾಗಿಲು ಮುರಿದೆ. ನಾನು ದೋಣಿಯಲ್ಲಿದ್ದೆ.
ನಾನು ತಂಗಿಯ ಕೈ ಬಿಟ್ಟೆ.
'ಅವನು ಹೇಳುತ್ತಾನೆ' ಎನ್ನುವ ಹಾಗಿಲ್ಲ, ನಿಯಮ.
ಹದಿನಾರು ವರ್ಷ ಈ ನಾನುಗಳು ಅವಳ ಗಂಟಲಲ್ಲಿ
ಟ್ರಾಮಿನ ಜನರಂತೆ ಹತ್ತಿದವು, ಇಳಿದವು.
ಕಳೆದ ಮಾರ್ಚಿನಲ್ಲಿ ಒಂದು
ಇಳಿಯಲಿಲ್ಲ.
ವಾಕ್ಯದ ನಡುವೆ ಎದೆ ಡವಡವ,
ನಾಲಗೆ ಒಣಗಿದ ಚರ್ಮದ ತುಂಡು,
ಲೋಟ ತುಟಿಗೆ ಬರುವಷ್ಟರಲ್ಲಿ
ಅರ್ಧ ನೀರು ಕಡತದ ಮೇಲೆ.
ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿದರು.

ಔಷಧದಂಗಡಿಯ ಇಂಗೆಯೆರ್ಡ್ ಒಂದೊಂದಾಗಿ ಕೇಳಿದಳು:
ಸಕ್ಕರೆ ಕಾಯಿಲೆ? ತಲೆಸುತ್ತು? ಅಸ್ತಮಾ, ಹಿಂದೆಂದಾದರೂ?
ಇಲ್ಲ, ಇಲ್ಲ, ಇಲ್ಲ.
ರಾತ್ರಿ ಮಲಗಿದಾಗ ಕೆರೆನ್ ಊರಿನ ಧೂಳು ನೆನಪಾಯಿತು.
ಅಜ್ಜಿ ಎದೆಗೆ ಎಣ್ಣೆ ತಿಕ್ಕಿ
ಬೆಳಗಿನವರೆಗೆ ಕೂರಿಸಿಕೊಂಡೇ ಇದ್ದ ರಾತ್ರಿಗಳು;
ಅದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ.
ಮರುದಿನ ಹೋಗಿ ಹೇಳಿದಳು. ವೈದ್ಯರು ಕೊಳವೆಯೊಳಗೆ ಊದಿಸಿದರು,
ಬೇರೆ ಬಗೆಯ ಮಾತ್ರೆ ಬರೆದರು, ಅದೂ ಅರ್ಧ;
ಉಸಿರು ಬಿಗಿದರೆ ತಕ್ಷಣ ಫೋನು ಮಾಡಿ ಎಂದರು.

ಡಬ್ಬಿಯೊಳಗಿನ ಕಾಗದ ಬಿಡಿಸಿದರೆ ಮೇಜಿನಷ್ಟು.
ಕಸುಬಿನ ಚಟ, ಎರಡು ಭಾಷೆಯಲ್ಲೂ ಓದಿಕೊಂಡಳು.
ಕೈಕಾಲು ತಣ್ಣಗಾಗಬಹುದು. ದಣಿವಾಗಬಹುದು. ವಿಚಿತ್ರ ಕನಸು ಬೀಳಬಹುದು.
'ಬಹುದು' ಎಂಬ ಮೂರಕ್ಷರದ ಮೇಲೆ
ನಾಲ್ಕು ರಾತ್ರಿ ಹೊರಳಿದಳು.
ಹೆದರಿಕೆಯ ಮದ್ದಿಗೇ ಹೆದರುವುದಕ್ಕೆ
ಅವಳ ಎರಡು ಭಾಷೆಯಲ್ಲೂ ಪದವಿಲ್ಲ,
ನನ್ನದರಲ್ಲೂ ಸಿಕ್ಕಿಲ್ಲ.

ಆದರೆ ನನ್ನ ಭಾಷೆಯಲ್ಲಿ, ಅಬ್ರಹೆತ್,
ಮಾತ್ರೆ ನುಂಗುವುದೂ ಹೌದು, ಎಣಿಸುವುದೂ ಹೌದು:
ಲಘುವಿಗೆ ಒಂದು, ಗುರುವಿಗೆ ಎರಡು.
ಎದೆಗೆ ಬರುವುದೂ ಅಷ್ಟೇ ಛಂದಸ್ಸು: ಲಘು, ಗುರು. ಲಘು, ಗುರು.
ನಿನ್ನದು ಲಘು ಲಘು ಲಘು ಎಂದು ಓಡುತ್ತಿತ್ತು,
ಯತಿಯಿಲ್ಲದ ಸಾಲು.
(ಇದನ್ನು ಅವಳಿಗೆ ತಲುಪಿಸಲು ದುಭಾಷಿ ಯಾರೂ ಇಲ್ಲ.)

ಭಾನುವಾರ ಹಿವೆತ್ ಮನೆಯಲ್ಲಿ ಕಾಫಿ ಹುರಿಯುತ್ತಾರೆ.
ಮೂರು ಸುತ್ತು; ಮೂರನೆಯದು ಹರಕೆಯಿದ್ದಂತೆ, ಬಿಟ್ಟೇಳಬಾರದು.
ಇವಳು ಮೊದಲ ಸುತ್ತಿಗೇ ಬಟ್ಟಲು ದೂರ ಸರಿಸುತ್ತಾಳೆ.
'ಏನೇ, ಮೀನಂಗಡಿಯ ಕೈ ನಿನ್ನದು' ಎಂದು ಹಿವೆತ್
ಅವಳ ಬೆರಳುಗಳನ್ನು ಕಂಕುಳಲ್ಲಿ ಸೇರಿಸಿಕೊಳ್ಳುತ್ತಾಳೆ.
ಕನಸೂ ಬಿದ್ದಿದೆ: ಟ್ರಾಮಿನ ತುಂಬ ನಾನುಗಳು,
ಟಿಕೆಟ್ಟು ತೋರಿಸು ಎಂದು ಇವಳನ್ನೇ ಕೇಳುತ್ತವೆ.

ಇವತ್ತು ದಪ್ಪ ಹೋಳಿನ ದಿನ.
ಹತ್ತೊಂಬತ್ತರ ಹುಡುಗಿ, ನೆಲ ನೋಡುತ್ತ: ನಾನು ಕೂಗಲಿಲ್ಲ.
ನಾನು ಕೂಗಲಿಲ್ಲ, ಎಂದಳು ಅಬ್ರಹೆತ್.
ಧ್ವನಿ ಒಡೆಯಲಿಲ್ಲ. ನೀರು ಲೋಟದಲ್ಲೇ ಇತ್ತು.
ಆಮೇಲೆ ಶೌಚಾಲಯದ ಬಾಗಿಲು ಹಾಕಿಕೊಂಡು
ಮಣಿಕಟ್ಟು ಹಿಡಿದು ಎಣಿಸಿದಳು: ಐವತ್ತನಾಲ್ಕು.
ಆ ಹುಡುಗಿ ಅಳುವಾಗಲೂ ಐವತ್ತನಾಲ್ಕೇ ಇದ್ದಿರಬೇಕು.
ಇದು ಆ ಕಾಗದದಲ್ಲಿ ಇರಲಿಲ್ಲ.

ಹೊರಗೆ ಮೊಗಸಾಲೆಯಲ್ಲಿ ಹುಡುಗಿ ಅವಳ ಕೈ ಹಿಡಿದುಕೊಂಡಳು,
ಬೆಚ್ಚಿ ನೋಡಿದಳು, ಬಿಡಲಿಲ್ಲ.
'ನಿಮಗೆ ಚಳಿಯಾ?'
'ಹೌದು' ಎಂದಳು ಅಬ್ರಹೆತ್, 'ನನಗೆ.'
ಯಾರೂ ಅದನ್ನು ಅನುವಾದಿಸಲಿಲ್ಲ.